ಕ್ಯಾಬಿನ್ ಫಿಲ್ಟರ್ ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ಕಾರಿನ ಎ.ಸಿ. ಹಾಕಿದಾಗ ಗಾಳಿ ಸರಿಯಾಗಿ ಬರುತ್ತಿಲ್ಲ, ಮುಗ್ಗಲು ವಾಸನೆಯೂ ಇದೆ. ಕಾರಿನೊಳಗೆ ಬರುವ ಗಾಳಿಯನ್ನು ಸೋಸುವ ಕ್ಯಾಬಿನ್ ಫಿಲ್ಟರನ್ನು ನಾನೇ ಬದಲಿಸಬಹುದೇ? ಹಳೆಯದನ್ನೇ ತೊಳೆದರೆ ಸಾಲದೇ?

ಉತ್ತರ: ಖಂಡಿತ ಬದಲಿಸಬಹುದು. ಬಹಳಷ್ಟು ಕಾರುಗಳಲ್ಲಿ ಈ ಫಿಲ್ಟರ್ ಗ್ಲೋವ್ ಬಾಕ್ಸ್‌ನ (ಚಾಲಕರ ಪಕ್ಕದ ಸೀಟಿನ ಮುಂದಿರುವ ಮುಚ್ಚಳದ ಖಾನೆ) ಹಿಂದಿರುತ್ತದೆ. ಕೆಲವದರಲ್ಲಿ ಬಾನೆಟ್ಟಿನಡಿ ಮುಂಗಾಜಿನ ಬುಡದಲ್ಲಿರುವುದರಿಂದ ಮೊದಲು ಕೈಪಿಡಿಯನ್ನು ನೋಡಿಕೊಳ್ಳಿ. ಇಂಜಿನ್ ಮತ್ತು ಬ್ಲೋವರ್ (ಗಾಳಿ ಬೀಸುವ ಫ್ಯಾನ್) ನಿಲ್ಲಿಸಿ, ಗ್ಲೋವ್ ಬಾಕ್ಸ್ ಖಾಲಿ ಮಾಡಿ, ಅದರ ಪಕ್ಕದ ಸಣ್ಣ ತೋಳನ್ನು ಬಿಡಿಸಿದ ಬಳಿಕ ಎರಡೂ ಬದಿಗಳನ್ನು ಒಳಕ್ಕೆ ಒತ್ತಿದರೆ ಸಾಮಾನ್ಯವಾಗಿ ಅದು ಪೂರ್ತಿ ಕೆಳಗಿಳಿಯುತ್ತದೆ. ಪ್ಲಾಸ್ಟಿಕ್ ಕ್ಲಿಪ್‌ಗಳ ಮೇಲೆ ಬಲಪ್ರಯೋಗ ಬೇಡ.

ಹೆಚ್ಚಿನವರು ಎಡವುವುದು ದಿಕ್ಕಿನಲ್ಲಿ. ಫಿಲ್ಟರಿನ ಅಂಚಿನಲ್ಲಿರುವ ಬಾಣದ ಗುರುತು ಗಾಳಿ ಹರಿಯುವ ದಿಕ್ಕನ್ನು ಸೂಚಿಸುತ್ತದೆ. ಹಳೆಯದನ್ನು ಎಳೆಯುವ ಮುನ್ನ ಅದನ್ನು ಗಮನಿಸಿ (ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟರೆ ಇನ್ನೂ ಒಳ್ಳೆಯದು), ಹೊಸದನ್ನು ಹಾಗೆಯೇ ಕೂರಿಸಿ.

ತೊಳೆಯುವುದನ್ನು ನಾನು ಒಪ್ಪುವುದಿಲ್ಲ. ತೊಳೆಯಬಹುದೆಂದು ತಯಾರಕರೇ ತಿಳಿಸಿರದ ಫಿಲ್ಟರಿನ ಎಳೆಗಳು ನೀರಿನಿಂದ ಕೆಡುತ್ತವೆ, ಇದ್ದಿಲಿನ ಪದರವಿರುವ ಬಗೆಯಲ್ಲಿ ವಾಸನೆ ಹೀರುವ ಶಕ್ತಿಯೂ ಮರಳುವುದಿಲ್ಲ. ಹೊಸ ಫಿಲ್ಟರ್ ಹಾಕಿದ ಮೇಲೂ ಮುಗ್ಗಲು ಉಳಿದರೆ, ಎ.ಸಿ.ಯ ಇವ್ಯಾಪರೇಟರ್ (ಗಾಳಿಯನ್ನು ತಂಪು ಮಾಡುವ ಭಾಗ) ಮೇಲೆ ಬೂಸ್ಟು ಬೆಳೆದಿರಬಹುದು ಅಥವಾ ನೀರು ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದು. ಆಗ ಮೆಕ್ಯಾನಿಕ್‌ಗೆ ತೋರಿಸಿ.