ಉಡುಪಿಯಿಂದ ಹಂಪಿ, ಬಾದಾಮಿ, ವಿಜಯಪುರ: ನಾಲ್ಕು ದಿನದ ಸ್ಟಡಿ ಟ್ರಿಪ್‌ಗೆ ಬೈಕಾ, ಕಾರಾ?

ಬೈಕಾ ಕಾರಾ ಅದೆಲ್ಲ ಆಮೇಲೆ ಮಾರಾಯ್ರೆ, ನಾಲ್ಕು ದಿನಕ್ಕೆ ಇಷ್ಟೊಂದು ಊರು ಅಂತ ಬರ್ದಿದ್ದೀರಲ್ಲ, ಎಡವಟ್ಟು ಅಲ್ಲೇ ಇರುವುದು. ನಾವೂ ಆರ್ಕಿಟೆಕ್ಚರ್ ಮೂರನೇ ವರ್ಷದಲ್ಲಿ ಇದೇ ಲಿಸ್ಟ್ ಹಿಡ್ಕೊಂಡು ಹೊರಟದ್ದು, ಫ್ರೆಂಡಿನ ಅಪ್ಪನ ಹಳೇ ಕಾರು, ಐದು ಜನ, ಡಿಕ್ಕಿ ತುಂಬ ಅವಲಕ್ಕಿ ಚೂಡ.

ದಾರಿ ಚಂದ, ಅದಕ್ಕೆ ಎರಡು ಮಾತಿಲ್ಲ. ಆಗುಂಬೆ ಹತ್ತುವವರೆಗೂ ಮುರಕಲ್ಲಿನ ಗೋಡೆ, ಹೆಂಚಿನ ಇಳಿಜಾರು ಮಾಡು, ಘಟ್ಟ ದಾಟಿ ಬಯಲಿಗೆ ಬಿದ್ದ ಮೇಲೆ ಮಳೆ ಕಮ್ಮಿ, ಬಾದಾಮಿ ಕಡೆಗೆ ಹೋದ ಹಾಗೆ ಮಾಡೇ ಮಾಯ, ಸಪಾಟು ಮಾಳಿಗೆ ಮನೆಗಳು. ಕಲ್ಲೂ ಹಾಗೆಯೇ, ಹಂಪಿಯಲ್ಲಿ ಗ್ರಾನೈಟ್, ಬಾದಾಮಿಯಲ್ಲಿ ಕೆಂಪು ಮರಳುಗಲ್ಲು, ಗೋಳಗುಮ್ಮಟದಲ್ಲಿ ಕಪ್ಪು ಬಸಾಲ್ಟ್. ಇದನ್ನೆಲ್ಲ ಕಾರಿನ ಕಿಟಕಿಯಿಂದ ನೋಡಿದ್ದು ಅಷ್ಟೇ, ಇಳಿದು ಒಂದು ಗೆರೆ ಎಳೀಲಿಲ್ಲ, ಯಾಕಂದ್ರೆ ಮುಂದಿನ ಊರಿಗೆ ಲೇಟಾಗ್ತಿತ್ತು. ಪಟ್ಟದಕಲ್ಲಲ್ಲಿ ನಾವು ಇದ್ದದ್ದು 40 ನಿಮಿಷ! ಮೆಟ್ಟಿಲು ಮೆಟ್ಟಿಲಾಗಿ ಏರುವ ದ್ರಾವಿಡ ಶಿಖರದ ವಿರೂಪಾಕ್ಷ ದೇವಸ್ಥಾನ, ಬಾಗಿ ಮೇಲೇರುವ ನಾಗರ ಶಿಖರದ ಗಳಗನಾಥ ಒಂದೇ ಅಂಗಳದಲ್ಲಿ ನಿಂತಿರುವ ಜಾಗಕ್ಕೆ 40 ನಿಮಿಷ.

ಆದ್ರೆ ನನ್ನ ಕುತ್ತಿಗೆಗೆ ಬಂದದ್ದು ಬೇರೆ. ನಾನು ಅಳತೆ ಟೇಪ್ ಹಾಸ್ಟೆಲ್‌ನಲ್ಲೇ ಬಿಟ್ಟಿದ್ದೆ, ಅದಾದ್ರೂ ಅಡ್ಡಿಯಿಲ್ಲ, ಗೇಣು ಮೊಳ ಹಾಕಿ ಅಳೀಬಹುದಿತ್ತು. ತಪ್ಪು ಮಾಡಿದ್ದು ಫೋಟೋದಲ್ಲಿ. ಫ್ರೇಮ್ ಕ್ಲೀನ್ ಬರ್ಬೇಕು ಅಂತ ಒಬ್ಬ ಮನುಷ್ಯನನ್ನೂ ಒಳಗೆ ಬಿಡ್ಲಿಲ್ಲ. ಬಾದಾಮಿ ಮೂರನೇ ಗುಹೆ, 578ರ ಶಾಸನ ಇರುವುದು, ಅಲ್ಲಿ ಇಳಕಲ್ ಸೀರೆಯ ಅಜ್ಜಿಯೊಬ್ರು ಕಂಬಕ್ಕೆ ಒರಗಿ ಚಪ್ಪಲಿ ಕೈಲಿ ಹಿಡ್ಕೊಂಡು ಕಟ್ಟೆ ಮೇಲೆ ಕೂತಿದ್ರು, ನಾನು ಹೋಗಿ "ಅಜ್ಜಿ, ಸ್ವಲ್ಪ ಆಚೆ ಸರೀತೀರಾ" ಅಂದೆ, ಪಾಪ ಎದ್ದು ಹೋದ್ರು. ಆ ಅಜ್ಜಿಯೇ ನನ್ನ ಸ್ಕೇಲ್, ಅಂದ್ರೆ ಕಟ್ಟಡ ಎಷ್ಟು ದೊಡ್ಡದು ಅಂತ ತೋರಿಸುವ ಅಳತೆಗೋಲು ಆಗಿದ್ರು, ಅದು ನನಗೆ ಜ್ಯೂರಿ ದಿನ, ಸರ್ ನಮ್ಮ ಕೆಲಸ ನೋಡಿ ಪ್ರಶ್ನೆ ಕೇಳುವ ದಿನ, ಗೊತ್ತಾದದ್ದು. ಸರ್ ಅದೇ ಫೋಟೋ ಮೇಲೆ ಬೆರಳಿಟ್ಟು "ಈ ಕಟ್ಟೆ ಮೇಲೆ ಕೂತ್ರೆ ಕಾಲು ನೆಲಕ್ಕೆ ಮುಟ್ತದಾ?" ಅಂತ ಕೇಳಿದ್ರು. ಸಾವಿರದ ಮೇಲೆ ಫೋಟೋ ಉಂಟು, ಒಂದರಲ್ಲೂ ಉತ್ತರ ಇಲ್ಲ. ಎದುರು ನಿಂತು ನೋಡಿ ಬಂದವನಿಗೆ ಕಟ್ಟೆ ಮಂಡಿವರೆಗಾ ಸೊಂಟದವರೆಗಾ ನೆನಪಿಲ್ಲ ಅಂದ್ರೆ ನಾನು ನೋಡಿದ್ದಾದ್ರೂ ಎಂತ? ಸಬ್ಜೆಕ್ಟ್ ಹೋಯ್ತು, ಮತ್ತೆ ಮಾಡ್ಬೇಕಾಯ್ತು.

ಎರಡನೇ ಸಲ ದೂರ ಎಲ್ಲೂ ಹೋಗ್ಲಿಲ್ಲ, ಬಸ್ ಹತ್ತಿ ಮೂಡುಬಿದಿರೆ. ನೀವೂ ಅದನ್ನೇ ಮಾಡಿ ಅಂತ ನನ್ನ ಹಠ. ಸಾವಿರ ಕಂಬದ ಬಸದಿ 1430ರದ್ದು, ನಮ್ಮ ಮಳೆಗೆ ಕಲ್ಲಿನ ಕಟ್ಟಡದ ಮೇಲೆ ಇಳಿಜಾರು ಮಾಡು ಹೇಗೆ ಕೂರಿಸಿದ್ದಾರೆ ನೋಡಿ, ಪಾಯದ ಕೆತ್ತನೆಯಲ್ಲಿ ಜಿರಾಫೆ ಹುಡುಕಿ, ಕರಾವಳಿಗೆ ಹಡಗು ಎಲ್ಲೆಲ್ಲಿಂದ ಬರ್ತಿತ್ತು ಅಂತ ಅದೇ ಹೇಳ್ತದೆ. ಮರುದಿನ ಕಾರ್ಕಳದ ಚತುರ್ಮುಖ ಬಸದಿ, 1586ರದ್ದು, ನಾಲ್ಕು ದಿಕ್ಕಿಗೂ ಬಾಗಿಲು, ಎದುರು ಗುಡ್ಡದಲ್ಲಿ 42 ಅಡಿಯ ಗೊಮ್ಮಟ. ಪುರ್ಸೊತ್ತಿದ್ರೆ ವರಂಗದ ಕೆರೆ ಬಸದಿ, ದೋಣಿಯಲ್ಲೇ ಹೋಗ್ಬೇಕು. ಹಂಪಿಗೇ ಹೋಗ್ಲೇಬೇಕು ಅಂತಿದ್ರೆ ಹಂಪಿ ಒಂದಕ್ಕೇ ನಾಲ್ಕು ದಿನ ಇಡಿ, ಕಾರಲ್ಲಿ ಹೋಗಿ, ಬೈಕಲ್ಲಿ ಡ್ರಾಯಿಂಗ್ ಶೀಟ್ ಒದ್ದೆಯಾಗ್ತದೆ.

ಮೂಡುಬಿದಿರೆಯಲ್ಲಿ ಹೊರಗಿನ ಕಂಬದ ಪಕ್ಕ ಜೊತೆಗೆ ಬಂದ ಫ್ರೆಂಡನ್ನೇ ನಿಲ್ಸಿದ್ದೆ, ಬಿಸಿಲಿಗೆ ಮುಖ ಹಿಂಡ್ಕೊಂಡು ನಿಂತಿದ್ದ. ಜ್ಯೂರಿಯಲ್ಲಿ ಸರ್ ಆ ಶೀಟ್ ನೋಡಿ ಕಂಬದ ಬಗ್ಗೆ ಎಂತದೂ ಕೇಳ್ಲಿಲ್ಲ, "ಇವನ ಹೈಟ್ ಎಷ್ಟು?" ಅಂದ್ರು. ಐದೂವರೆ ಅಡಿ ಸರ್, ಅಂದೆ.