ಕನ್ನಡಿ ಕೊಡುವುದು ಒಂದೇ ಸೆಕೆಂಡು

ಪ್ರಿಯ ಲೇಖಕರೇ,

ನಿಮ್ಮ ‘ಕನ್ನಡಿ ಕವಚ’ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ತೊಂದರೆ ಇರುವುದು ಏಳನೇ ಪುಟದಲ್ಲಿ. ಶತ್ರು ಹಡಗು 100 ಕಿಲೋವ್ಯಾಟ್ ಲೇಸರನ್ನು ಇತ್ತ ತಿರುಗಿಸುತ್ತದೆ. ನಿಮ್ಮ ನಾಯಕಿ ಕ್ಯಾಬಿನ್‌ಗಳ ಕನ್ನಡಿಗಳನ್ನೆಲ್ಲ ಬಿಚ್ಚಿ ತಂದು ಡೆಕ್ಕಿನ ಕಂಬಿಗೆ ಕಟ್ಟುತ್ತಾಳೆ. ‘ಕೆಂಪು ಕಿರಣ ಸುಂಯ್ ಎಂದು ಬಂತು, ಕನ್ನಡಿಗೆ ಬಡಿದು ಬಂದ ದಾರಿಯಲ್ಲೇ ಹೋಗಿ ಶತ್ರುವನ್ನೇ ಸುಟ್ಟಿತು.’ ಅಲ್ಲಿಗೆ ಯುದ್ಧ ಮುಗಿಯಿತು!

100 ಕಿಲೋವ್ಯಾಟ್ ಬಗ್ಗೆ ನನ್ನ ತಕರಾರಿಲ್ಲ. 2014ರಲ್ಲೇ ಅಮೆರಿಕದ ನೌಕಾಪಡೆ ಪಾನ್ಸ್ ಹಡಗಿನ ಮೇಲೆ ಸುಮಾರು 30 ಕಿಲೋವ್ಯಾಟ್‌ನದನ್ನು ಇಟ್ಟು ನೋಡಿತ್ತು. ಆದರೆ ಇಂಥ ಲೇಸರ್‌ಗಳ ಬೆಳಕು ಸಾಮಾನ್ಯವಾಗಿ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಆಸುಪಾಸಿನ ತರಂಗಾಂತರದ ಅವಕೆಂಪು, ಅಂದರೆ ಇನ್‌ಫ್ರಾರೆಡ್. ಕಣ್ಣಿಗೆ ಕಾಣುವುದಿಲ್ಲ, ಸುಂಯ್ ಅನ್ನುವುದೂ ಇಲ್ಲ. ಏನೂ ಕಾಣದೆ, ಏನೂ ಕೇಳದೆ ಪಕ್ಕದ ಗೋಡೆಯ ಬಣ್ಣ ಗುಳ್ಳೆ ಏಳತೊಡಗಿದರೆ ಅದೇ ಜಾಸ್ತಿ ಭಯ, ಅಲ್ವಾ?

ಈಗ ಕನ್ನಡಿಗೆ ಬರೋಣ. ಒಳ್ಳೆಯ ಕನ್ನಡಿ 100ಕ್ಕೆ 90 ಭಾಗ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಅಂದುಕೊಳ್ಳಿ. ಉಳಿದ 10 ಭಾಗ ಅಲ್ಲೇ ಬಿಸಿಯಾಗುತ್ತದೆ. ಟಾರ್ಚಿನ ಬೆಳಕಾದರೆ ಅದು ಲೆಕ್ಕಕ್ಕೇ ಇಲ್ಲ. ಇಲ್ಲಿ ಅದು 10 ಕಿಲೋವ್ಯಾಟ್. ಹತ್ತು ಇಸ್ತ್ರಿಪೆಟ್ಟಿಗೆಗಳ ಕಾವು ಅಂಗೈಯಗಲದ ಜಾಗದಲ್ಲಿ! ಸಾಲದ್ದಕ್ಕೆ, ಮಾಮೂಲಿ ಗಾಜನ್ನು ಅಂಚಿನಿಂದ ನೋಡಿದರೆ ಹಸಿರು ಕಾಣುತ್ತದಲ್ಲ, ಅದು ಕಬ್ಬಿಣದ ಅಂಶ. ಅದು ಚೆನ್ನಾಗಿ ಹೀರಿಕೊಳ್ಳುವುದೂ ಈ 1 ಮೈಕ್ರಾನ್ ಆಸುಪಾಸಿನ ಬೆಳಕನ್ನೇ. ತಣ್ಣಗಿನ ಲೋಟಕ್ಕೆ ಕುದಿಯುವ ನೀರು ಸುರಿದ ಹಾಗೆ ಗಾಜು ಟಪ್ಪೆಂದು ಸೀಳುತ್ತದೆ. ಇನ್ನೊಂದು ಮಾತು. ಉಪ್ಪುಗಾಳಿಗೆ ಡೆಕ್ಕಿನ ಮೇಲಿನ ಗಾಜೆಲ್ಲ ಮಬ್ಬಾಗುತ್ತದೆ ಎಂದು ಮೊದಲ ಪುಟದಲ್ಲಿ ನೀವೇ ಬರೆದಿದ್ದೀರಿ. ಏಳನೇ ಪುಟದಲ್ಲಿ ಮರೆತುಬಿಟ್ಟಿರಿ. ಕನ್ನಡಿಯ ಮೇಲೆ ಕೊಳೆ ಇದ್ದಲ್ಲಿ ಮೊದಲು ಸುಡುತ್ತದೆ.

ಲೇಸರ್ ಯಂತ್ರದ ಒಳಗೂ ಕನ್ನಡಿ ಇರುತ್ತದಲ್ಲ, ಅದೇಕೆ ಸುಡುವುದಿಲ್ಲ ಎಂದು ಜೊತೆಗಿಟ್ಟ ಪತ್ರದಲ್ಲಿ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ಅಲ್ಲಿ ಕಿರಣ ಅಗಲವಾಗಿ ಹರಡಿಕೊಂಡಿರುತ್ತದೆ, ಗುರಿಯ ಮೇಲೆ ಮಾತ್ರ ಕಿರಿದಾಗಿ ಕೂಡುತ್ತದೆ. ಆ ಕನ್ನಡಿಯನ್ನು ಅದೊಂದೇ ತರಂಗಾಂತರಕ್ಕೆಂದು ಪದರದ ಮೇಲೆ ಪದರ ಕೂರಿಸಿ ಮಾಡಿರುತ್ತಾರೆ, 99.9 ಭಾಗ ವಾಪಸ್ ಕಳಿಸುವಂತೆ. ಒಂದು ಕಣ ಧೂಳೂ ತಾಗದಂತೆ ಕಾಯುತ್ತಾರೆ. ನಿಮ್ಮ ನಾಯಕಿಗೆ ಶತ್ರುವಿನ ತರಂಗಾಂತರ ಎಷ್ಟೆಂದು ಯಾರು ಹೇಳಿದರು?

ಬಂದ ದಾರಿಯಲ್ಲೇ ಹೋಯಿತು ಅನ್ನುವುದಂತೂ ಬಿಟ್ಟೇಬಿಡಿ. ಕನ್ನಡಿ 1 ಡಿಗ್ರಿ ವಾಲಿದರೆ ಕಿರಣ 2 ಡಿಗ್ರಿ ತಿರುಗುತ್ತದೆ. 2 ಕಿಲೋಮೀಟರ್ ದೂರದಲ್ಲಿ ಅದು ಸುಮಾರು 70 ಮೀಟರ್ ಆಚೆ ಹೋಗಿ ಬೀಳುತ್ತದೆ. ಹಗ್ಗದಲ್ಲಿ ಕಟ್ಟಿದ ಕನ್ನಡಿ, ಅದೂ ಓಲಾಡುವ ಹಡಗಿನಲ್ಲಿ!

ಹಾಗಂತ ಕನ್ನಡಿಯನ್ನೇ ಕೈಬಿಡಿ ಅನ್ನುತ್ತಿಲ್ಲ. ನಾನೇ ಒಂದು ಲೆಕ್ಕ ಹಾಕಿ ನೋಡಿದೆ. 1 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ತಗಡು, 10 ಸೆಂಟಿಮೀಟರ್ ಅಗಲದ ಕಿರಣ. ಕಪ್ಪು ಬಣ್ಣ ಬಳಿದಿದ್ದರೆ ಅದು ಕರಗುವ 660 ಡಿಗ್ರಿ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಜಾಸ್ತಿ ಸಾಕು. ಕನ್ನಡಿಯ ಹಾಗೆ ಫಳಫಳ ಉಜ್ಜಿದ್ದರೆ ಸುಮಾರು ಒಂದೂಕಾಲು ಸೆಕೆಂಡು. ಶಾಖ ಅಕ್ಕಪಕ್ಕ ಹರಡುವುದನ್ನು ಬಿಟ್ಟು ಹಾಕಿದ ಒರಟು ಲೆಕ್ಕ ಇದು, ಆದರೂ ಹತ್ತು ಪಟ್ಟು ಸಮಯ ಸಿಕ್ಕಿತಲ್ಲ! ಅಷ್ಟರಲ್ಲಿ ಹಡಗು ಪೂರ್ತಿ ತಿರುಗಲಾರದು, ಆದರೆ ಕಿರಣ ಒಂದೇ ಜಾಗದಲ್ಲಿ ನಿಲ್ಲದ ಹಾಗೆ ಏನಾದರೂ ಮಾಡಬಹುದು. ಹೊಗೆಗುಂಡು ಒಡೆಯಬಹುದು. ಒಂದು ಕನ್ನಡಿ ಸೀಳುವಷ್ಟರಲ್ಲಿ ಇನ್ನೊಂದನ್ನು ಮುಂದೆ ಹಿಡಿಯಬಹುದು. ಹಿಡಿಯುವವರು ಯಾರು? ಅವರ ಕಣ್ಣಿನ ಗತಿ ಏನು? ಚದುರಿದ ಬೆಳಕೂ ಕಣ್ಣು ಕಳೆಯಬಲ್ಲದು. ಅಲ್ಲಿದೆ ನಿಮ್ಮ ಕಥೆ. ಏಳನೇ ಪುಟದಿಂದ ಮುಂದಕ್ಕೆ ಪೂರ್ತಿ ಹೊಸದಾಗಿ ಬರೆಯಿರಿ.

ಭಾಷೆ ಪರವಾಗಿಲ್ಲ. ‘ಧಗಧಗ’ ಒಂಬತ್ತು ಸಲ ಬಂದಿದೆ, ಎಂಟನ್ನು ತೆಗೆಯಿರಿ.

ಮತ್ತೆ ಆ ಮುದುಕ ನಾವಿಕ. ಎಲ್ಲರೂ ಕನ್ನಡಿ ಬಿಚ್ಚಲು ಓಡುವಾಗ ಅವನೊಬ್ಬ, ‘ಹಂಗಾದ್ರೆ ನಾಳೆ ಗಡ್ಡ ಹೆರ್ಕೊಳ್ಳೋದು ಹೆಂಗೆ?’ ಅನ್ನುತ್ತಾನಲ್ಲ, ಅವನನ್ನು ಮಾತ್ರ ಮುಟ್ಟಬೇಡಿ.

ಇಂತಿ,
ಸಂಪಾದಕ