ಡಿಲೀಟ್ ಆದ ಅಮೆರಿಕ ಸರ್ಕಾರಿ ಪುಟ ಮತ್ತೆ ಸಿಗುತ್ತದೆಯೇ?

ಥೀಸಿಸ್‌ನಲ್ಲಿ ಕೊಟ್ಟಿದ್ದ ಸಿಡಿಸಿ (ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ) ಲಿಂಕ್ ಒತ್ತಿದರೆ ಈಗ ಪುಟವೇ ಇಲ್ಲ, ಗೈಡ್ ಬೈಯುತ್ತಿದ್ದಾರೆ, ಹಳೇ ಪುಟ ಎಲ್ಲಾದರೂ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುವ ಸಾಧ್ಯತೆಯೇ ಜಾಸ್ತಿ. ಆದರೆ ಆ ಹಳೇ ಲಿಂಕನ್ನು ಮಾತ್ರ ಅಳಿಸಬೇಡಿ. ಕೆಲಸ ಮಾಡುತ್ತಿಲ್ಲ ಅಂತ ಎಷ್ಟೋ ಜನ ಮೊದಲು ಅದನ್ನೇ ತೆಗೆದುಹಾಕುತ್ತಾರೆ, ಹುಡುಕೋಕೆ ದಾರಿಯೇ ಅದು.

ಹಳೇ ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ವೇಬ್ಯಾಕ್ ಮೆಷಿನ್ ಸೈಟ್‌ಗೆ ಹೋಗಿ ಲಿಂಕನ್ನು ಪೂರ್ತಿ ಪೇಸ್ಟ್ ಮಾಡಿ. ಕ್ಯಾಲೆಂಡರ್ ಬರುತ್ತದೆ. 2025ರ ಜನವರಿ 31ಕ್ಕಿಂತ ಹಿಂದಿನ ದಿನ ಆರಿಸಿ. ಟ್ರಂಪ್ ಎರಡನೇ ಸಲ ಅಧಿಕಾರಕ್ಕೆ ಬಂದು ಅವತ್ತಿಗೆ ಹನ್ನೊಂದು ದಿನ. ಲಿಂಗತ್ವದ ಬಗ್ಗೆ ಅವರು ಹೊರಡಿಸಿದ ಆದೇಶ ಪಾಲಿಸೋಕೆ ಅಂತ ಸಿಡಿಸಿ ರಾಶಿ ಪುಟಗಳನ್ನು ತೆಗೆದುಹಾಕಿಬಿಟ್ಟಿತು. ಎಚ್‌ಐವಿ ಮಾಹಿತಿ, ಹೈಸ್ಕೂಲು ಮಕ್ಕಳ ಆರೋಗ್ಯ ಸಮೀಕ್ಷೆ, ಎಲ್ಲ ಹೋಯಿತು. ವೈದ್ಯರ ಸಂಘವೊಂದು ಕೋರ್ಟಿಗೆ ಹೋದ ಮೇಲೆ ಫೆಬ್ರವರಿ 11ರಂದು ನ್ಯಾಯಾಧೀಶ ಜಾನ್ ಬೇಟ್ಸ್ ವಾಪಸ್ ಹಾಕಿ ಅಂದರು. ಎಷ್ಟೋ ಪುಟಗಳು ಬಂದವು. ಹಾಗಂತ ಬಂದಿರುವುದು ನೀವು ಓದಿದ್ದ ಪುಟವೇ ಅಂತ ನಂಬಿಕೊಂಡು ಕೂರಬೇಡಿ, ಹಳೇ ಪ್ರತಿಯ ಪಕ್ಕ ಇಟ್ಟು ನೋಡಿ.

ಕ್ಯಾಲೆಂಡರಿನಲ್ಲಿ ನೀಲಿ ಚುಕ್ಕೆ ಇರುವ ದಿನವನ್ನೇ ಒತ್ತಿ. ಹಸಿರು ಅಂದರೆ ಒಳ್ಳೆಯದು ಅಂದುಕೊಂಡು ನಾನು ಮೊದಮೊದಲು ಮೋಸ ಹೋಗುತ್ತಿದ್ದೆ. ಅದು ಬೇರೆ ಕಡೆಗೆ ಕಳಿಸುವ ರೀಡೈರೆಕ್ಟ್. ಕಿತ್ತಳೆ ಇದ್ದರೆ ಅವತ್ತು ಪುಟ ಸಿಕ್ಕಿಲ್ಲ ಅಂತ.

ಇನ್ನು, ಇದನ್ನೆಲ್ಲ ಯಾರು ಕಾಪಾಡುತ್ತಾರೆ ಅಂದಿರಿ. ವೈಟ್ ಹೌಸ್ ಸೈಟನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಇದ್ದ ಹಾಗೇ ಎತ್ತಿಡುತ್ತದೆ, ಒಬಾಮ ಕಾಲದ್ದು ಈಗಲೂ ತೆರೆಯುತ್ತದೆ. ಇಲಾಖೆಗಳ ಸೈಟಿಗೆ ಆ ಭಾಗ್ಯ ಇಲ್ಲ. 2004ರಲ್ಲಿ ಒಮ್ಮೆ ಎಲ್ಲವನ್ನೂ ಬಾಚಿಕೊಂಡಿದ್ದ ಪತ್ರಾಗಾರ, 2008ರಲ್ಲಿ ಮತ್ತೆ ಮಾಡುವುದಿಲ್ಲ ಅಂದಿತು. ಆಗ ಇಂಟರ್‌ನೆಟ್ ಆರ್ಕೈವ್, ಲೈಬ್ರರಿ ಆಫ್ ಕಾಂಗ್ರೆಸ್, ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯದ ಗ್ರಂಥಾಲಯ ಮುಂತಾದವರು ಸೇರಿ ಅಧ್ಯಕ್ಷರ ಅವಧಿ ಮುಗಿಯುವಾಗ ಸರ್ಕಾರಿ ಸೈಟುಗಳನ್ನು ಎತ್ತಿಡುವ 'ಎಂಡ್ ಆಫ್ ಟರ್ಮ್' ಅನ್ನುವ ಕೆಲಸ ಶುರುಮಾಡಿದರು. ಅಧ್ಯಕ್ಷರು ಅವರೇ ಇರಲಿ, ಬೇರೆಯವರಾಗಲಿ, ನಾಲ್ಕು ವರ್ಷಕ್ಕೊಮ್ಮೆ ಇದು ನಡೆಯುತ್ತದೆ. ಯಾವ ಪುಟ ಉಳಿಸಬೇಕು ಅಂತ ಯಾರು ಬೇಕಾದರೂ ಲಿಂಕ್ ಕೊಡಬಹುದು.

ಆದರೆ ಒಂದು ತೊಂದರೆ ಇದೆ. ಪುಟ ಉಳಿಸುವ ರೋಬೋಟು ಲಿಂಕ್ ಹಿಡಿದುಕೊಂಡು ಹೋಗುತ್ತದೆ. ಜಿಲ್ಲೆ ಆರಿಸಿ, ವರ್ಷ ಆರಿಸಿ, ಬಟನ್ ಒತ್ತಿ ಅನ್ನುವ ಕಡೆ ಬಂದರೆ ಅದಕ್ಕೆ ದಾರಿ ತಿಳಿಯುವುದಿಲ್ಲ. ನಾನು ಒಂದು ಇಲಾಖೆಯ ನಕ್ಷೆಯ ಲಿಂಕನ್ನು ಸೇವ್ ಮಾಡಿ ನೆಮ್ಮದಿಯಾಗಿದ್ದೆ. ಆರು ತಿಂಗಳ ಮೇಲೆ ತೆರೆದರೆ ಮೇಲೆ ಲೋಗೋ, ಕೆಳಗೆ ವಿಳಾಸ, ಮಧ್ಯೆ ಖಾಲಿ ಚೌಕ! ಅಂಕಿ ಅಂಶ ಒಂದೂ ಇಲ್ಲ. ಸುಮ್ನೆ ಅವತ್ತೇ ಅಂಕಿ ಅಂಶದ ಪಟ್ಟಿ ಇರುವ ಸಿಎಸ್‌ವಿ ಫೈಲ್ ಇಳಿಸಿಕೊಂಡಿದ್ದರೆ ಐದು ನಿಮಿಷದ ಕೆಲಸ ಆಗಿತ್ತು.

ನಿಮಗೆ ಬೇಕಿರುವುದು ಪುಟವಲ್ಲ, ಅಂಕಿ ಅಂಶ ಅಂತಾದರೆ ಬೇರೆ ಕಡೆ ಹುಡುಕಬೇಕು. ಹಾರ್ವರ್ಡ್ ಕಾನೂನು ಶಾಲೆಯ ಗ್ರಂಥಾಲಯದವರು ಅಮೆರಿಕ ಸರ್ಕಾರದ ಅಂಕಿ ಅಂಶಗಳ ಸೈಟಾದ ಡೇಟಾ ಡಾಟ್ ಗವ್‌ನಿಂದ 3 ಲಕ್ಷದ 11 ಸಾವಿರಕ್ಕೂ ಹೆಚ್ಚು ಡೇಟಾಸೆಟ್ (ಅಂಕಿ ಅಂಶಗಳ ಕಟ್ಟು), ಒಟ್ಟು 16 ಟೆರಾಬೈಟ್, ನಕಲು ಮಾಡಿ 2025ರ ಫೆಬ್ರವರಿಯಲ್ಲಿ ಎಲ್ಲರಿಗೂ ಬಿಟ್ಟರು. ಸಿಡಿಸಿ ಡೇಟಾಸೆಟ್‌ಗಳನ್ನು ಆಸಕ್ತರು ಇಂಟರ್‌ನೆಟ್ ಆರ್ಕೈವ್‌ನಲ್ಲೂ ಹಾಕಿದ್ದಾರೆ. ನಕಲು ಮಾಡಿದರೆ ಕೇಸ್ ಆಗುತ್ತದಾ ಅನ್ನುವ ಹೆದರಿಕೆ ಬೇಡ. ಅಮೆರಿಕದ ಕೇಂದ್ರ ಸರ್ಕಾರದ ನೌಕರರು ಕೆಲಸದ ಭಾಗವಾಗಿ ಮಾಡಿದ್ದಕ್ಕೆ ಅಲ್ಲಿನ ಕಾನೂನಿನಲ್ಲಿ ಕಾಪಿರೈಟ್ ಇಲ್ಲ.

ಥೀಸಿಸ್‌ನಲ್ಲಿರುವ ಉಳಿದ ಲಿಂಕುಗಳನ್ನು ಇವತ್ತೇ ವೇಬ್ಯಾಕ್‌ನ 'ಸೇವ್ ಪೇಜ್ ನೌ'ಗೆ ಹಾಕಿ, ಮೂಲ ಲಿಂಕ್ ಜೊತೆ ಆರ್ಕೈವ್ ಲಿಂಕನ್ನೂ ದಿನಾಂಕವನ್ನೂ ಬರೆಯಿರಿ, ಗೈಡ್ ಕೂಡ ಸುಮ್ಮನಾಗುತ್ತಾರೆ. ಇಷ್ಟಾದರೂ ಸಿಗದಿದ್ದರೆ ಆ ಲಿಂಕ್ ಇಲ್ಲಿ ಕೆಳಗೆ ಹಾಕಿ, ನಾನೂ ಒಂದು ಕೈ ನೋಡುತ್ತೇನೆ.